ಶಾಲೆಯ ಹಾಲು, ಒಗ್ಗದ ಹೊಟ್ಟೆ

ಸಿರುಗುಪ್ಪ, ಕುರುಗೋಡು ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಬೆಳಗಿನ ಹಾಲಿಗೆ ಮಕ್ಕಳು ಲೋಟ ಹಿಡಿದು ಸಾಲು ನಿಲ್ಲುತ್ತಾರೆ. ಊದಿ ಊದಿ ಕುಡಿಯುವವರ ನಡುವೆ ತನ್ನ ಪಾಲನ್ನು ಪಕ್ಕದವನ ಲೋಟಕ್ಕೆ ಬಗ್ಗಿಸುವ ಹುಡುಗನೂ ಇರುತ್ತಾನೆ. ಕೇಳಿದರೆ, "ಹಾಲು ಕುಡುದ್ರೆ ಹೊಟ್ಟಿ ಗುಡುಗುಡು ಅಂತೈತ್ರಿ ಸರ್" ಅನ್ನುತ್ತಾನೆ. ಅದು ನೆಪ ಎಂದು ಗದರಿಸುವ ಮುಂಚೆ ಒಂದಿಷ್ಟು ತಿಳಿದುಕೊಳ್ಳಬೇಕು.

ಕರುಳಿನಲ್ಲಿ ಆಗುವುದೇನು?

ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎದೆಹಾಲು ಕುಡಿಯುವ ವಯಸ್ಸಿನಲ್ಲಿ ಅದು ಧಾರಾಳ; ಬೆಳೆಯುತ್ತ ಜಗತ್ತಿನ ಹೆಚ್ಚಿನ ಜನರಲ್ಲಿ ತಗ್ಗುತ್ತದೆ. ಒಡೆಯದೆ ಉಳಿದ ಸಕ್ಕರೆ ಕರುಳಿನೊಳಗೆ ನೀರು ಸೆಳೆಯುತ್ತದೆ. ದೊಡ್ಡ ಕರುಳಿನ ಸೂಕ್ಷ್ಮಾಣುಗಳು ಅದನ್ನು ಹುದುಗಿಸಿ ಗಾಳಿ ಎಬ್ಬಿಸುತ್ತವೆ. ಉಬ್ಬರ, ನುಲಿತ, ಭೇದಿ ಎಲ್ಲ ಅಲ್ಲಿಂದಲೇ. ದೊಡ್ಡವರಾದ ಮೇಲೂ ಈ ಕಿಣ್ವ ಉಳಿಸುವ ಜೀನ್ ಮಾರ್ಪಾಡು ಭಾರತದ ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ಅಂದರೆ ನಮ್ಮ ಕಡೆ ಹಾಲು ಒಗ್ಗದ ಮಗು ರೋಗಿಯಲ್ಲ.

ಭೇದಿಯಿಂದ ಕರುಳು ನೊಂದಾಗಲೂ ಕೆಲವು ವಾರ ಹೀಗಾಗುವುದುಂಟು, ಆಮೇಲೆ ಸರಿಹೋಗುತ್ತದೆ. ಹಾಲಿನ ಅಲರ್ಜಿಯ ಮಾತೇ ಬೇರೆ. ಮೈಮೇಲೆ ಗಂಧೆ, ತುಟಿ ಊತ, ಉಸಿರಾಟದ ತೊಂದರೆ ಕಂಡರೆ, ಮಲದಲ್ಲಿ ರಕ್ತ ಬಂದರೆ ಅಥವಾ ಮಗುವಿನ ತೂಕ ಇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಲೋಟದಲ್ಲಿ ಎಷ್ಟಿದೆ?

ಶಾಲೆಗೆ ಈ ಹಾಲು ತಂದ ಕ್ಷೀರಭಾಗ್ಯ ಯೋಜನೆ ಶುರುವಾದದ್ದು 2013ರ ಆಗಸ್ಟ್ 1ರಂದು. 18 ಗ್ರಾಂ ಹಾಲಿನ ಪುಡಿಯಿಂದ ಒಂದು ಮಗುವಿಗೆ 150 ಮಿ.ಲೀ. ಹಾಲು. ಅದರಲ್ಲಿ ಲ್ಯಾಕ್ಟೋಸ್ ಸುಮಾರು 7 ಗ್ರಾಂ. ಒಗ್ಗದವರಲ್ಲೂ ಬಹುಪಾಲು ಜನ ಒಂದು ಸಲಕ್ಕೆ 12 ಗ್ರಾಂವರೆಗೆ ತಾಳಿಕೊಳ್ಳುತ್ತಾರೆ. ಹಾಗಾದರೆ ಈ ಹುಡುಗನಿಗೆ ಯಾಕೆ ತೊಂದರೆ? ನನ್ನ ಅನುಮಾನ ಮೊದಲು ಹೋಗುವುದು ಖಾಲಿ ಹೊಟ್ಟೆಯ ಕಡೆಗೆ. ಭತ್ತದ ನಾಟಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಅಪ್ಪ ಅವ್ವ ನಸುಕಿನಲ್ಲೇ ಹೊಲಕ್ಕೆ ಹೋಗಿರುತ್ತಾರೆ. ಮಗು ಏನೂ ತಿನ್ನದೆ ಬಂದಿರುತ್ತದೆ. ಬರೀ ಹಾಲು ಬೇಗ ಕರುಳಿಗೆ ಇಳಿಯುತ್ತದೆ, ಊಟದ ಜೊತೆಗಿದ್ದರೆ ನಿಧಾನ. ಅರ್ಧ ರೊಟ್ಟಿಯೋ ಒಂದು ಹಿಡಿ ಮಂಡಾಳೋ ತಿಂದು, ಅರ್ಧ ಲೋಟದಿಂದ ಶುರುಮಾಡಿದರೆ ಎಷ್ಟೋ ಮಕ್ಕಳಿಗೆ ಹಾಲು ಒಗ್ಗಿಬಿಡುತ್ತದೆ. ಒಗ್ಗದಿದ್ದರೆ ಬಲವಂತ ಬೇಡ. ಮಜ್ಜಿಗೆ, ಮೊಸರು ಕೊಟ್ಟು ನೋಡಿ: ಹೆಪ್ಪುಗಟ್ಟುವಾಗ ಲ್ಯಾಕ್ಟೋಸ್ ಒಂದಷ್ಟು ಕರಗಿರುತ್ತದೆ, ಉಳಿದದ್ದನ್ನು ಒಡೆಯಲು ಮೊಸರಿನ ಬ್ಯಾಕ್ಟೀರಿಯಾ ನೆರವಾಗುತ್ತವೆ.

ಹಾಲು ಬಿಟ್ಟರೆ ಎಲುಬಿಗೇನು?

10ರಿಂದ 12 ವರ್ಷದ ಮಗುವಿಗೆ ದಿನಕ್ಕೆ 850 ಮಿ.ಗ್ರಾಂ ಕ್ಯಾಲ್ಸಿಯಂ ಬೇಕೆಂಬುದು ಐಸಿಎಂಆರ್ 2020ರಲ್ಲಿ ಕೊಟ್ಟ ಲೆಕ್ಕ. ತುಂಗಭದ್ರೆಯ ನೀರುಂಡು ಬೆಳೆಯುವ ಸಿರುಗುಪ್ಪದ ಅಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಜೋಳದಲ್ಲೂ ಅಲ್ಪ. 2021ರ ಡಿಸೆಂಬರ್‌ನಿಂದ ಬಳ್ಳಾರಿ ಜಿಲ್ಲೆಯ ಶಾಲೆಗಳಿಗೆ ಬಂದ ಮೊಟ್ಟೆಯಲ್ಲಿ ಲ್ಯಾಕ್ಟೋಸ್ ಇಲ್ಲ, ಒಳ್ಳೆಯ ಪ್ರೋಟೀನ್ ಇದೆ. ಆದರೆ ಕ್ಯಾಲ್ಸಿಯಂ ಹೆಚ್ಚಿಲ್ಲ. 100 ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂ ಆಸುಪಾಸು ಸಿಗುತ್ತದೆ. 2024ರ ಫೆಬ್ರವರಿಯಿಂದ ಶಾಲೆಗಳಲ್ಲಿ ರಾಗಿ ಮಾಲ್ಟ್ ಇದೆ ನಿಜ, ಅದನ್ನೂ ಹಾಲಿಗೇ ಬೆರೆಸುತ್ತಾರೆ. ಹಾಲು ಆಗದ ಮಗುವಿಗೆ ಮನೆಯಲ್ಲಿ ನೀರಲ್ಲೇ ಗಂಜಿ ಕಾಯಿಸಿ, ಮಜ್ಜಿಗೆ ಬೆರೆಸಿ ಕೊಡಬಹುದು. ನುಗ್ಗೆಸೊಪ್ಪಿನ ಪಲ್ಯವೂ ಆದೀತು. ಎಳ್ಳಂತೂ ಎಲ್ಲಕ್ಕಿಂತ ಮುಂದು, 100 ಗ್ರಾಂಗೆ 1,000 ಮಿ.ಗ್ರಾಂ ದಾಟುತ್ತದೆ. ರೊಟ್ಟಿ ತಟ್ಟುವಾಗ ಅವ್ವ ಮೇಲೆ ಒತ್ತುವ ಎಳ್ಳು, ನಂಚಿಕೊಳ್ಳಲು ಹಾಕುವ ಗುರೆಳ್ಳು ಪುಡಿ ದಿನವೂ ಮಗುವಿನ ತಟ್ಟೆಯಲ್ಲಿರಲಿ.