ಭಾನುವಾರದ ನಡಿಗೆಯವರು ಉಳಿಸಿದ ದಾರಿಗಳು

1900ರ ಸೆಪ್ಟೆಂಬರ್ 2, ಭಾನುವಾರ. ಇಂಗ್ಲೆಂಡಿನ ಉಕ್ಕಿನ ಊರು ಶೆಫೀಲ್ಡ್‌ನಿಂದ 14 ಜನರ ಒಂದು ಗುಂಪು ರೈಲು ಹತ್ತಿತು. ಕರೆದವರು ಜಿ.ಎಚ್.ಬಿ. ವಾರ್ಡ್ ಎಂಬ 24 ವರ್ಷದ ಫಿಟ್ಟರ್. 'ಕ್ಲಾರಿಯನ್' ಎಂಬ ಸಮಾಜವಾದಿ ವಾರಪತ್ರಿಕೆಯಲ್ಲಿ ಅವರು ಒಂದು ಪ್ರಕಟಣೆ ಕೊಟ್ಟಿದ್ದರು: ಕಿಂಡರ್ ಸ್ಕೌಟ್ ಬೆಟ್ಟವನ್ನು ಸುತ್ತು ಹಾಕುತ್ತೇವೆ, ಬರುವವರು ಬರಬಹುದು. ಆ ದಿನ ಅವರು ಎಡೇಲ್ ಎಂಬ ಹಳ್ಳಿಯಲ್ಲಿ ಇಳಿದು ಸುಮಾರು 20 ಮೈಲಿ ನಡೆದು, ಸಂಜೆ ಹೋಪ್ ಎಂಬ ಇನ್ನೊಂದು ಹಳ್ಳಿಗೆ ಬಂದು ಮನೆಗೆ ಮರಳಿದರು. ಕೂಡಿ ನಡೆದದ್ದು ಎಲ್ಲರಿಗೂ ಹಿಡಿಸಿತು. ಮುಂದಿನ ವರ್ಷವೂ ಹೋಗೋಣ ಎಂದುಕೊಂಡರು. 'ಶೆಫೀಲ್ಡ್ ಕ್ಲಾರಿಯನ್ ರ‍್ಯಾಂಬ್ಲರ್ಸ್' ಎಂಬ ಕ್ಲಬ್ ಹುಟ್ಟಿದ್ದು ಹೀಗೆ. ಉತ್ತರ ಇಂಗ್ಲೆಂಡಿನಲ್ಲಿ ಕಾರ್ಮಿಕರೇ ಕಟ್ಟಿಕೊಂಡ ಮೊದಲ ನಡಿಗೆ ಕ್ಲಬ್ ಎಂದು ಇದನ್ನು ಗುರುತಿಸುತ್ತಾರೆ.

ವಾರಕ್ಕೆ ಆರು ದಿನ ಕುಲುಮೆಯ ಹೊಗೆಯಲ್ಲಿ ದುಡಿಯುವವರಿಗೆ ಸಿಗುತ್ತಿದ್ದದ್ದು ಒಂದು ಭಾನುವಾರ. ಆ ದಿನ ಬುತ್ತಿ ಕಟ್ಟಿಕೊಂಡು ಬೆಟ್ಟಕ್ಕೆ ಹೋಗಿಬರುವ ಕೂಟವೊಂದರ ಬಗ್ಗೆ ನಾವು ಇಲ್ಲಿ ಬರೆಯಲು ಕಾರಣವಿದೆ. ಇಂಥ ಕೂಟಗಳೇ ಮುಂದೆ ಒಂದು ದೇಶದ ಭೂಮಿ ಕಾನೂನನ್ನು ಬದಲಿಸಿದವು. ಹೇಗೆ ಎಂಬುದು ನಮ್ಮ ಹಳ್ಳಿಗಳಿಗೂ ಬೇಕಾದ ಪಾಠ.

ಬೇಲಿ ಬಿದ್ದ ಬೆಟ್ಟ

ಶೆಫೀಲ್ಡ್ ಒಂದು ಕಡೆ, ಹತ್ತಿ ಗಿರಣಿಗಳ ಮ್ಯಾಂಚೆಸ್ಟರ್ ಇನ್ನೊಂದು ಕಡೆ. ನಡುವೆ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಸೀಮೆ. ಅದರಲ್ಲಿ ಎತ್ತರದ್ದು 636 ಮೀಟರಿನ ಕಿಂಡರ್ ಸ್ಕೌಟ್. ತುದಿ ಎಂದರೆ ಮೊನಚಾದ ಶಿಖರವಲ್ಲ. ಮರವಿಲ್ಲದ, ಕಪ್ಪು ಜೌಗು ಮಣ್ಣಿನ, ಕುರುಚಲು ಗಿಡದ ದೊಡ್ಡ ಬಯಲು.

ಹಿಂದೆ ಇಂಥ ಬಯಲುಗಳು ಬಹುಪಾಲು ನಮ್ಮ ಗೋಮಾಳದಂತೆ ಇದ್ದವು. ಊರವರು ಕುರಿ ಮೇಯಿಸುತ್ತಿದ್ದರು, ಉರುವಲಿಗೆ ಜೌಗುಮಣ್ಣು ಕಡಿದು ತರುತ್ತಿದ್ದರು, ಒಂದೂರಿಂದ ಇನ್ನೊಂದೂರಿಗೆ ದಾಟುತ್ತಿದ್ದರು. 18 ಮತ್ತು 19ನೇ ಶತಮಾನದಲ್ಲಿ ಪಾರ್ಲಿಮೆಂಟು ಸಾವಿರಾರು ಎನ್‌ಕ್ಲೋಷರ್ ಕಾಯ್ದೆಗಳನ್ನು ಮಾಡಿ ಇಂಥ ಭೂಮಿಗೆ ಬೇಲಿ ಹಾಕಿಸಿತು. ಅದು ದೊಡ್ಡ ಭೂಮಾಲೀಕರ ಖಾಸಗಿ ಆಸ್ತಿಯಾಯಿತು. ಆಮೇಲೆ ಅಲ್ಲಿ ಗ್ರೌಸ್ ಎಂಬ ಹಕ್ಕಿಯ ಬೇಟೆ ಶ್ರೀಮಂತರ ಮೋಜಾಯಿತು. ಬೇಟೆಯ ಋತು ಪ್ರತಿ ವರ್ಷ ಆಗಸ್ಟ್ 12ಕ್ಕೆ ಶುರುವಾಗುತ್ತದೆ. ಕೆಲವೇ ದಿನದ ಆ ಬೇಟೆಗಾಗಿ ವರ್ಷವಿಡೀ ಕಾವಲುಗಾರರು ಕೋಲು ಹಿಡಿದು ನಿಂತು, ಬಂದವರನ್ನು ಹಿಂದಕ್ಕೆ ಅಟ್ಟುತ್ತಿದ್ದರು.

ಇದಕ್ಕೆ ಎದುರಾಗಿ ಜನ ಸುಮ್ಮನಿರಲಿಲ್ಲ. ಮ್ಯಾಂಚೆಸ್ಟರ್‌ನಲ್ಲಿ 1826ರಷ್ಟು ಹಿಂದೆಯೇ ಹಳೆಯ ಕಾಲುದಾರಿಗಳನ್ನು ಉಳಿಸಲು ಒಂದು ಸಂಘ ಕಟ್ಟಿದ್ದರು. 1884ರಲ್ಲಿ ಜೇಮ್ಸ್ ಬ್ರೈಸ್ ಎಂಬ ಸಂಸದ ಬೆಟ್ಟಗಳಲ್ಲಿ ನಡೆಯಲು ಜನರಿಗೆ ಹಕ್ಕು ಕೊಡುವ ಮಸೂದೆ ತಂದರು, ಅದು ಪಾಸಾಗಲಿಲ್ಲ. ಆ ಬಳಿಕ ಮತ್ತೆ ಮತ್ತೆ ತಂದ ಇಂಥ ಮಸೂದೆಗಳೂ ಬಿದ್ದುಹೋದವು. 1897ರಲ್ಲಿ ಮಾತ್ರ ಒಂದು ಗೆಲುವು ಸಿಕ್ಕಿತು. ಹೇಫೀಲ್ಡ್ ಹಳ್ಳಿಯಿಂದ ಕಿಂಡರ್‌ನ ಪಕ್ಕದಲ್ಲಿ ಹಾದು ಸ್ನೇಕ್ ಇನ್ ಎಂಬ ಹೋಟೆಲಿನವರೆಗೆ ಹೋಗುವ ದಾರಿ ಜನರಿಗೆ ತೆರೆಯಿತು.

ವಾರ್ಡ್ ಅವರ 14 ಜನ ಮೂರು ವರ್ಷದ ಬಳಿಕ ನಡೆದದ್ದು ಇದೇ ದಾರಿಯಲ್ಲಿ. ಅವರನ್ನು ಎಡೇಲ್‌ಗೆ ಮುಟ್ಟಿಸಿದ ರೈಲು ಮಾರ್ಗ ಬಂದಿದ್ದೂ 1894ರಲ್ಲಿ. ಯಾರೋ ಕೂತು ಅರ್ಜಿ ಬರೆದು, ಭೂಮಾಲೀಕರ ಜೊತೆ ಜಗ್ಗಾಡಿ ಬಿಡಿಸಿದ ದಾರಿಯೇ ಈ ಹೊಸ ಕ್ಲಬ್ಬಿನ ಮೊದಲ ದಾರಿಯಾಯಿತು.

ಜೇಬಿಗೆ ಹಿಡಿಯುವ ಕೈಪಿಡಿ

ಆ ಕಾಲದಲ್ಲಿ ಕಾರ್ಮಿಕರನ್ನು ಹೊರಗೆ ಕರೆದೊಯ್ಯುವ ಪ್ರಯತ್ನಗಳು ಬೇರೆಯೂ ಇದ್ದವು. ಕೋಲ್ನ್ ಎಂಬ ಗಿರಣಿ ಊರಿನಲ್ಲಿ ಪಾದ್ರಿಯಾಗಿದ್ದ ಟಿ.ಎ. ಲಿಯೊನಾರ್ಡ್ 1891ರಲ್ಲಿ ಸುಮಾರು 30 ಜನರನ್ನು ಲೇಕ್ ಡಿಸ್ಟ್ರಿಕ್ಟ್‌ನ ಆಂಬಲ್‌ಸೈಡ್‌ಗೆ ಕರೆದೊಯ್ದರು. ಗಿರಣಿ ರಜೆಯ ವಾರದಲ್ಲಿ ಕೆಲಸಗಾರರು ಬ್ಲ್ಯಾಕ್‌ಪೂಲ್‌ನಂಥ ಕಡಲತೀರದ ಪೇಟೆಗೆ ಹೋಗಿ, ವರ್ಷವಿಡೀ ಕೂಡಿಟ್ಟ ದುಡ್ಡು ಕಳೆದುಕೊಂಡು ಬರುವುದು ಅವರಿಗೆ ಬೇಸರ ತಂದಿತ್ತು. ಆ ಪ್ರವಾಸದಿಂದ ಕಡಿಮೆ ಖರ್ಚಿನ ರಜಾ ವಸತಿಗಳ ಒಂದು ಸಹಕಾರಿ ಸಂಸ್ಥೆಯೇ ಬೆಳೆಯಿತು.

ವಾರ್ಡ್ ಅವರ ಕ್ಲಬ್ಬಿನ ವಿಶೇಷ ಇರುವುದು ಅದರ ಕೈಪಿಡಿಯಲ್ಲಿ. ಜೇಬಿಗೆ ಹಿಡಿಯುವ ಈ ಪುಟ್ಟ ಪುಸ್ತಕವನ್ನು ವಾರ್ಡ್ ಸುಮಾರು ಅರ್ಧ ಶತಮಾನ ಸಂಪಾದಿಸಿದರು. ಆ ವರ್ಷ ಯಾವ ಭಾನುವಾರ ಯಾವ ದಾರಿ, ಯಾವ ರೈಲು, ಎಷ್ಟು ಮೈಲಿ, ಯಾರು ಮುಂದಾಳು ಎಂಬ ಪಟ್ಟಿ ಅದರಲ್ಲಿ ಇರುತ್ತಿತ್ತು. ಇಷ್ಟೇ ಆಗಿದ್ದರೆ ಅದೊಂದು ಕ್ಯಾಲೆಂಡರ್ ಆಗುತ್ತಿತ್ತು. ವಾರ್ಡ್ ಅದರಲ್ಲಿ ದಾರಿಗಳ ಚರಿತ್ರೆಯನ್ನೂ ಬರೆದರು. ಈ ಹಳ್ಳಕ್ಕೆ ಈ ಹೆಸರು ಯಾಕೆ, ಈ ಕಲ್ಲುಕಂಬ ಯಾವ ಕಾಲದ್ದು, ಉಪ್ಪು ಹೊತ್ತ ಕುದುರೆಗಳು ಹಿಂದೆ ಯಾವ ಕಡೆಯಿಂದ ದಾಟುತ್ತಿದ್ದವು ಎಂಬುದನ್ನೆಲ್ಲ ಹಳೆಯ ನಕ್ಷೆ ನೋಡಿ, ಕುರಿಗಾಹಿಗಳನ್ನು ಮಾತಾಡಿಸಿ, ಕಾಲಲ್ಲಿ ನಡೆದು ನೋಡಿ ಬರೆದಿಟ್ಟರು.

ಪತ್ರಿಕೆ ಕೆಲಸ ಕಲಿತ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಊರಿನ ಹಿರಿಯರು ಬಾಯಲ್ಲಿ ಹೇಳುವುದು ಬಾಯಲ್ಲೇ ಉಳಿದರೆ ಅವರ ಜೊತೆಗೇ ಹೋಗುತ್ತದೆ. ತಾರೀಖು ಹಾಕಿ ಅಚ್ಚು ಮಾಡಿದರೆ ಅದು ದಾಖಲೆ. ಭೂಮಾಲೀಕರಿಗೂ ಇದು ಅರ್ಥವಾಗಿತ್ತು. 1923ರಲ್ಲಿ ಕಿಂಡರ್‌ನ ಮಾಲೀಕರು ವಾರ್ಡ್ ಆ ಬೆಟ್ಟಕ್ಕೆ ಕಾಲಿಡದಂತೆ ಕೋರ್ಟಿನ ತಡೆಯಾಜ್ಞೆ ತಂದರು. ನಡೆಯುವ ಒಬ್ಬ ಮನುಷ್ಯನ ಮೇಲೆ ತಡೆಯಾಜ್ಞೆ ತರಬೇಕಾಯಿತು ಎಂದರೆ ಆ ಕೈಪಿಡಿ ಎಷ್ಟು ಚುಚ್ಚುತ್ತಿತ್ತು ಎಂದು ಊಹಿಸಿ.

1932ರ ಏಪ್ರಿಲ್

ಜಗತ್ತು ನೆನಪಿಟ್ಟುಕೊಂಡದ್ದು ಬೇರೊಂದು ಭಾನುವಾರವನ್ನು. ಆರ್ಥಿಕ ಕುಸಿತದ ಕಾಲ, ಗಿರಣಿ ಊರುಗಳಲ್ಲಿ ಕೆಲಸವಿಲ್ಲದ ಯುವಕರು ಕಿಕ್ಕಿರಿದಿದ್ದರು. ಅವರ ಕೈಗೆಟುಕುವ ಸಂತೋಷವೆಂದರೆ ನಡೆಯುವುದು. ಆ ವರ್ಷ ಈಸ್ಟರ್ ಹೊತ್ತಿಗೆ ಕಾರ್ಮಿಕ ಕ್ರೀಡಾ ಒಕ್ಕೂಟದ ಒಂದು ಗುಂಪನ್ನು ಬ್ಲೀಕ್ಲೊ ಬೆಟ್ಟದಲ್ಲಿ ಕಾವಲುಗಾರರು ಬೈದು ಹಿಂದಕ್ಕಟ್ಟಿದರು. ಹತ್ತಾರು ಜನ ಹೋದರೆ ಅಟ್ಟುತ್ತಾರೆ, ನೂರಾರು ಜನ ಹೋದರೆ ಏನು ಮಾಡುತ್ತಾರೆ ನೋಡೋಣ ಎಂದು ಆ ಯುವಕರು ತೀರ್ಮಾನಿಸಿದರು.

1932ರ ಏಪ್ರಿಲ್ 24ರಂದು ಹೇಫೀಲ್ಡ್ ಬಳಿಯ ಕಲ್ಲು ಕ್ವಾರಿಯೊಂದರಲ್ಲಿ ಸುಮಾರು 400 ಜನ ಸೇರಿದರು. ಮುಂದಾಳು 20 ವರ್ಷದ ಬೆನ್ನಿ ರಾತ್‌ಮನ್, ಮ್ಯಾಂಚೆಸ್ಟರ್‌ನ ಮೆಕ್ಯಾನಿಕ್. ದಾರಿ ಬಿಟ್ಟು ಅವರು ಕಿಂಡರ್‌ನ ಇಳಿಜಾರು ಹತ್ತಿದರು. ಕಾವಲುಗಾರರ ಜೊತೆ ತಳ್ಳಾಟವಾಗಿ ಒಬ್ಬ ಕಾವಲುಗಾರನ ಕಾಲಿಗೆ ಪೆಟ್ಟಾಯಿತು. ಮೇಲೆ ಶೆಫೀಲ್ಡ್ ಕಡೆಯಿಂದ ಬಂದ ಇನ್ನೊಂದು ಗುಂಪನ್ನು ಭೇಟಿಯಾಗಿ, ಸಂಭ್ರಮಪಟ್ಟು, ಕೆಳಗಿಳಿದರು. ಪೊಲೀಸರು ಆರು ಜನರನ್ನು ಹಿಡಿದರು.

ಇಂಗ್ಲೆಂಡಿನಲ್ಲಿ ಇನ್ನೊಬ್ಬರ ಜಮೀನಿಗೆ ಕಾಲಿಡುವುದು ಸಿವಿಲ್ ತಪ್ಪು; ಅದಕ್ಕೆ ಜೈಲಿಲ್ಲ. ಹಾಗಾಗಿ ಗಲಭೆ, ಹಲ್ಲೆಯ ಆರೋಪ ಹೊರಿಸಿದರು. ಡರ್ಬಿಯ ಕೋರ್ಟಿನಲ್ಲಿ ಗ್ರ್ಯಾಂಡ್ ಜ್ಯೂರಿಯಲ್ಲಿ ಕೂತಿದ್ದವರು ಬಹುಪಾಲು ಸೇನಾಧಿಕಾರಿಗಳು ಮತ್ತು ಜಮೀನ್ದಾರರು. ಐದು ಜನರಿಗೆ 2ರಿಂದ 6 ತಿಂಗಳ ಜೈಲಾಯಿತು. ರಾತ್‌ಮನ್‌ಗೆ 4 ತಿಂಗಳು.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಹಳೆಯ ನಡಿಗೆ ಸಂಘಗಳ ಒಕ್ಕೂಟಗಳು ಈ ನುಗ್ಗಾಟವನ್ನು ವಿರೋಧಿಸಿದ್ದವು. ವರ್ಷಗಟ್ಟಲೆ ಮಾತುಕತೆಯಿಂದ ಕಟ್ಟಿದ್ದು ಒಂದೇ ದಿನದಲ್ಲಿ ಹಾಳಾಗುತ್ತದೆ ಎಂಬ ಭಯ ಅವರದು. ಆದರೆ ಹುಡುಗರಿಗೆ ಸಿಕ್ಕ ಶಿಕ್ಷೆ ನೋಡಿ ವಿರೋಧಿಸಿದವರಿಗೂ ಸಿಟ್ಟು ಬಂತು. ಬೆಟ್ಟದ ಹಕ್ಕಿನ ಸಭೆಗಳಿಗೆ ಸಾವಿರಾರು ಜನ ಬರತೊಡಗಿದರು. ಜೈಲಿಗೆ ಹೋದವರು ಸುದ್ದಿ ಮಾಡಿದರು. ಆ ಸುದ್ದಿಯನ್ನು ಕಾನೂನಾಗಿಸುವಷ್ಟು ಸಂಘಟನೆ, ನಕ್ಷೆ, ಕಡತ ಇದ್ದದ್ದು ಹಳೆಯ ಕ್ಲಬ್ಬುಗಳ ಬಳಿ. ಎರಡರಲ್ಲಿ ಒಂದಿಲ್ಲದಿದ್ದರೆ ಇನ್ನೊಂದು ದಡ ಸೇರುತ್ತಿರಲಿಲ್ಲ ಎಂದು ನಮಗೆ ಅನಿಸುತ್ತದೆ.

ನಡೆದದ್ದೇ ಸಾಕ್ಷಿ

ಅದೇ 1932ರಲ್ಲಿ ಸದ್ದಿಲ್ಲದೆ ಇನ್ನೊಂದು ಕಾಯ್ದೆ ಬಂತು: ರೈಟ್ಸ್ ಆಫ್ ವೇ ಕಾಯ್ದೆ. ಒಂದು ದಾರಿಯಲ್ಲಿ ಜನ 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದ ನಡೆದಿದ್ದರೆ ಅದನ್ನು ಸಾರ್ವಜನಿಕ ದಾರಿ ಎಂದು ಪರಿಗಣಿಸಬಹುದು ಎಂಬುದು ಅದರ ತಿರುಳು. ಈಗ ಯೋಚಿಸಿ. ಪ್ರತಿ ಭಾನುವಾರದ ನಡಿಗೆಯನ್ನು ತಾರೀಖು ಸಹಿತ ಅಚ್ಚು ಹಾಕಿದ ಕ್ಲಬ್ಬಿನ ಕೈಪಿಡಿ ಇಂಥ ಕಾಯ್ದೆಯ ಮುಂದೆ ಎಂಥ ಸಾಕ್ಷಿ!

ಎರಡನೇ ಮಹಾಯುದ್ಧದ ನಂತರ, 1949ರಲ್ಲಿ, ರಾಷ್ಟ್ರೀಯ ಉದ್ಯಾನ ಮತ್ತು ಗ್ರಾಮಾಂತರ ಪ್ರವೇಶದ ಕಾಯ್ದೆ ಬಂತು. ಕೌಂಟಿ ಆಡಳಿತಗಳು ತಮ್ಮ ಸೀಮೆಯ ಕಾಲುದಾರಿಗಳ ಸರ್ವೆ ಮಾಡಿ ಅಧಿಕೃತ ನಕ್ಷೆ ತಯಾರಿಸಬೇಕು ಎಂದು ಅದು ವಿಧಿಸಿತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2000ದ ಇನ್ನೊಂದು ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬೆಟ್ಟ, ಬಯಲು, ಸಾಮೂಹಿಕ ಭೂಮಿಗಳಲ್ಲಿ ದಾರಿ ಬಿಟ್ಟೂ ನಡೆಯುವ ಹಕ್ಕು ಕೊಟ್ಟಿತು. ಆ ಹಕ್ಕು ಇಂಗ್ಲೆಂಡಿನಲ್ಲಿ ಸುಮಾರು ಶೇ 8ರಷ್ಟು ನೆಲಕ್ಕೆ ಮಾತ್ರ ಅನ್ವಯಿಸುತ್ತದೆ. ಜಗಳ ಇನ್ನೂ ಮುಗಿದಿಲ್ಲ. 2002ರಲ್ಲಿ, ನುಗ್ಗಾಟದ 70ನೇ ವರ್ಷದ ಸಭೆಯಲ್ಲಿ, ಡೆವನ್‌ಶೈರ್‌ನ ಡ್ಯೂಕ್ ತಮ್ಮ ಅಜ್ಜನ ಕಾಲದಲ್ಲಿ ನಡೆದದ್ದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದರು. ರಾತ್‌ಮನ್ ಅದಕ್ಕೆ ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು.

ವಾರ್ಡ್ ಅವರಿಗೆ ಗೌರವ ಬೇಗ ಸಂದಿತ್ತು. 1945ರಲ್ಲಿ ನಡಿಗೆ ಸಂಘದವರು ಲೂಸ್ ಹಿಲ್ ಗುಡ್ಡದ ತುದಿಯ 54 ಎಕರೆ ಕೊಂಡು ಅವರಿಗೆ ಕೊಟ್ಟರು. ತಡೆಯಾಜ್ಞೆ ತಿಂದಿದ್ದ ಮನುಷ್ಯ ಬೆಟ್ಟದ ಮಾಲೀಕರಾದರು. ಆ ನೆಲವನ್ನು ಅವರು ಎಲ್ಲರಿಗೂ ಸೇರಲೆಂದು ನ್ಯಾಷನಲ್ ಟ್ರಸ್ಟ್‌ಗೆ ಬರೆದುಕೊಟ್ಟರು.

ನಮ್ಮ ನಕಾಶೆಯಲ್ಲಿ

ನಮ್ಮಲ್ಲಿ ಈಗ ನಡಿಗೆಗೆ ಬರುವವರಿಗೆ ಬರವಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ನೋಂದಣಿ ಬೇಕೇ ಬೇಕು ಎಂದಿತು. ಕಾಡಿನ ಮಾತು ಬೇರೆ, ಅಲ್ಲಿ ಮಿತಿ ಬೇಕು. ನಾವು ಹೇಳುತ್ತಿರುವುದು ಊರ ದಾರಿಗಳ ಬಗ್ಗೆ.

ಕರ್ನಾಟಕದ ಪ್ರತಿ ಗ್ರಾಮಕ್ಕೂ ಒಂದು ನಕಾಶೆ ಇದೆ. ಅದರಲ್ಲಿ ಒಂಟಿ ಚುಕ್ಕೆಗೆರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಬಂಡಿದಾರಿ. ಹೊಲಕ್ಕೆ, ಕೆರೆಗೆ, ಸ್ಮಶಾನಕ್ಕೆ ಹೋಗುವ ಈ ನಕಾಶೆ ದಾರಿಗಳಿಗೆ ಬೇಲಿ ಬಿದ್ದ ದೂರು ತಾಲ್ಲೂಕು ಕಚೇರಿಗಳಲ್ಲಿ ಎಂದೂ ಮುಗಿಯುವುದಿಲ್ಲ. ಹೆಚ್ಚಿನ ಕಡೆ ಕಥೆ ಒಂದೇ: ಜನ ಬೈಕ್ ಹತ್ತಿದರು, ನಡೆಯುವುದು ನಿಂತಿತು, ದಾರಿಯಲ್ಲಿ ಜಾಲಿ ಬೆಳೆಯಿತು, ಪಕ್ಕದ ಜಮೀನಿನವರು ಉತ್ತುಕೊಂಡರು. ಕೇಳಲು ಹೋದಾಗ ಹಿಂದೆ ಯಾರು ಓಡಾಡುತ್ತಿದ್ದರು ಎಂದು ಹೇಳುವವರೇ ಇರುವುದಿಲ್ಲ. ಪಕ್ಕದ ಜಮೀನಿನ ಮೇಲೆ ಹಾದು ಹೋಗುವ ಹಕ್ಕಿಗೆ ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯೂ 20 ವರ್ಷದ ಬಳಕೆಯನ್ನೇ ಕೇಳುತ್ತದೆ ಎಂಬುದು ಎಷ್ಟೋ ರೈತರಿಗೆ ಗೊತ್ತಿಲ್ಲ.

ಗ್ರಾಮ ನಕಾಶೆ ಈಗ ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಊರಿನ ನಾಲ್ಕು ಜನ ಹುಡುಗರು, ಇಬ್ಬರು ಹಿರಿಯರು ಸೇರಿ ತಿಂಗಳಿಗೊಂದು ಭಾನುವಾರ ಆ ಗೆರೆ ಹಿಡಿದು ನಡೆದು, ಬಂದವರ ಹೆಸರು, ತಾರೀಖು, ದಾರಿ ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬಹುದು. ಬುತ್ತಿಯೂ ಇರಲಿ, ನಡುವೆ ಯಾವುದಾದರೂ ತೋಟದಲ್ಲಿ ಕೂತು ಹರಟೆಯೂ ಇರಲಿ. ಶೆಫೀಲ್ಡ್‌ನವರು ಶುರು ಮಾಡಿದ್ದೂ 14 ಜನರಿಂದ.