ಸಮುದಾಯ ಪ್ರವಾಸ ಮಾರ್ಗದರ್ಶಿ

ಸಮುದಾಯ ಪ್ರವಾಸ ಮಾರ್ಗದರ್ಶಿ ಎಂದರೆ ಪ್ರಯಾಣಿಕರೇ ಸ್ವಯಂಪ್ರೇರಣೆಯಿಂದ ಬರೆದು, ಪರಸ್ಪರ ತಿದ್ದಿ, ಅಂತರಜಾಲದಲ್ಲಿ ಎಲ್ಲರ ಬಳಕೆಗೆ ತೆರೆದಿಡುವ ಪ್ರವಾಸ ಕೈಪಿಡಿ. ಕಡಿಮೆ ಖರ್ಚಿನಲ್ಲಿ ಊರೂರು ಸುತ್ತುವವರು ಹಾಗೂ ದಾರಿಯಲ್ಲಿ ಅಪರಿಚಿತರ ವಾಹನ ನಿಲ್ಲಿಸಿ ಲಿಫ್ಟ್ ಪಡೆದು ಸಾಗುವ ಹಿಚ್‌ಹೈಕರ್‌ಗಳು ಇವುಗಳ ಮುಖ್ಯ ಓದುಗರು. ಬಹುಮಟ್ಟಿಗೆ ಬರಹಗಾರರೂ ಅವರೇ. ವಿಕಿಟ್ರಾವೆಲ್ (2003), ಹಿಚ್‌ವಿಕಿ (2005) ಮತ್ತು ವಿಕಿವಾಯೇಜ್ (2006) ಈ ಬಗೆಯ ಹೆಸರಾಂತ ಉದಾಹರಣೆಗಳು. ಸಾವಿರಾರು ಜನರು ಸಂಭಾವನೆಯಿಲ್ಲದೆ ಬರೆದ ಮಾಹಿತಿಗೆ ಒಡೆಯರು ಯಾರು, ತಾಣವು ಕೈ ಬದಲಾಯಿಸಿದಾಗ ಆ ಬರಹ ಯಾರ ಜೊತೆ ಹೋಗಬೇಕು ಎಂಬ ಪ್ರಶ್ನೆಗಳು ಈ ಮಾರ್ಗದರ್ಶಿಗಳ ಚರಿತ್ರೆಯುದ್ದಕ್ಕೂ ಕೇಳಿಬಂದಿವೆ.

ಹಿನ್ನೆಲೆ

ಅಗ್ಗದ ಪ್ರಯಾಣದ ಕೈಪಿಡಿಗಳು ಮೊದಲು ಬಂದದ್ದು ಅಚ್ಚಿನಲ್ಲಿ. ಕೆನ್ ವೆಲ್ಷ್ ಅವರ ಯೂರೋಪಿನ ಹಿಚ್‌ಹೈಕರ್ ಕೈಪಿಡಿ 1971ರಲ್ಲಿ ಪ್ರಕಟವಾಯಿತು. ಟೋನಿ ಮತ್ತು ಮೌರೀನ್ ವೀಲರ್ ದಂಪತಿಗಳು ಏಷ್ಯಾ ಖಂಡವನ್ನು ಅಗ್ಗವಾಗಿ ದಾಟುವ ಬಗೆಯನ್ನು ಕುರಿತು 1973ರಲ್ಲಿ ತಂದ ಕಿರುಹೊತ್ತಗೆಯಿಂದ ಲೋನ್ಲಿ ಪ್ಲಾನೆಟ್ ಪ್ರಕಾಶನ ಬೆಳೆಯಿತು. ಇಂಥ ಪುಸ್ತಕಗಳ ದೌರ್ಬಲ್ಯ ಅವುಗಳ ಸ್ವರೂಪದಲ್ಲಿಯೇ ಇತ್ತು. ಬರೆದು, ಅಚ್ಚಾಗಿ, ಅಂಗಡಿ ಸೇರುವಷ್ಟರಲ್ಲಿ ಬಸ್ಸಿನ ವೇಳೆಯೂ ಕೊಠಡಿಯ ಬಾಡಿಗೆಯೂ ಬದಲಾಗಿರುತ್ತಿದ್ದವು. ಸಿರಿವಂತ ಪ್ರವಾಸಿಗೆ ಇದು ಅಷ್ಟೇನೂ ಬಾಧಕವಲ್ಲ. ಕೈಯಲ್ಲಿ ಎಣಿಕೆಯ ಹಣವಿಟ್ಟುಕೊಂಡು ರಾತ್ರಿ ಹೊಸ ಊರಿನಲ್ಲಿ ಇಳಿದವನಿಗೆ ಬಾಧಕವೇ.

ವೆಲ್ಷ್ ಅವರ ಪುಸ್ತಕಕ್ಕೆ ಅನಿರೀಕ್ಷಿತವಾದ ಇನ್ನೊಂದು ಸಂತತಿಯೂ ಇದೆ. 1971ರಲ್ಲಿ ಆ ಪುಸ್ತಕವನ್ನು ಜೊತೆಗಿಟ್ಟುಕೊಂಡು ಯೂರೋಪ್ ಸುತ್ತುತ್ತಿದ್ದ ಆಂಗ್ಲ ಲೇಖಕ ಡಗ್ಲಸ್ ಆಡಮ್ಸ್, ಆಸ್ಟ್ರಿಯಾದ ಇನ್ಸ್‌ಬ್ರುಕ್ ಬಳಿಯ ಹೊಲವೊಂದರಲ್ಲಿ ಮಲಗಿದ್ದಾಗ ನಕ್ಷತ್ರಲೋಕಕ್ಕೂ ಇಂಥದೊಂದು ಕೈಪಿಡಿ ಇರಬೇಕೆಂಬ ಕಲ್ಪನೆ ಹೊಳೆಯಿತೆಂದು ಹೇಳಿಕೊಂಡಿದ್ದಾರೆ. ಅದರಿಂದ ಹುಟ್ಟಿದ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ’ 1978ರಲ್ಲಿ ಬಿಬಿಸಿ ರೇಡಿಯೊದಲ್ಲಿ ಪ್ರಸಾರವಾಯಿತು. ಕಥೆಯೊಳಗಿನ ಆ ಕೈಪಿಡಿಯನ್ನು ಓದುಗರ ಕೈಯಿಂದಲೇ ಭೂಮಿಯ ಮಟ್ಟಿಗೆ ನಿಜಮಾಡುವ ಉದ್ದೇಶದಿಂದ ಆಡಮ್ಸ್ ಮತ್ತು ಸಂಗಡಿಗರು 1999ರ ಏಪ್ರಿಲ್‌ನಲ್ಲಿ ‘ಎಚ್2ಜಿ2’ ಎಂಬ ತಾಣವನ್ನು ತೆರೆದರು. ಇದು ವಿಕಿಪೀಡಿಯಕ್ಕಿಂತ ಸುಮಾರು ಎರಡು ವರ್ಷ ಹಿರಿಯದು. ಇಲ್ಲಿ ಯಾರು ಬೇಕಾದರೂ ಲೇಖನ ಬರೆಯಬಹುದಾಗಿತ್ತು. ಆದರೆ ಸಹಬರಹಗಾರರ ಪರಿಶೀಲನೆಯ ನಂತರ ಆಯ್ದವು ಮಾತ್ರ ಸಂಪಾದಿತ ಕೈಪಿಡಿಯನ್ನು ಸೇರುತ್ತಿದ್ದವು. 2001ರಲ್ಲಿ ತಾಣವನ್ನು ಬಿಬಿಸಿ ವಹಿಸಿಕೊಂಡಿತು. ಹತ್ತು ವರ್ಷಗಳ ಬಳಿಕ ಬಿಬಿಸಿ ಅದನ್ನು ಬಿಟ್ಟುಕೊಡಲು ತೀರ್ಮಾನಿಸಿದಾಗ, ತಾಣದ ಬರಹಗಾರರೂ ಸೇರಿದ್ದ ಗುಂಪೊಂದು ಅದನ್ನು ಪಡೆದು ಮುಂದುವರಿಸಿತು.

ವಿಕಿಟ್ರಾವೆಲ್ ಮತ್ತು ವಿಕಿವಾಯೇಜ್

ಯಾರು ಬೇಕಾದರೂ ಪುಟವನ್ನು ನೇರವಾಗಿ ತಿದ್ದಬಹುದಾದ ವಿಕಿ ವಿಧಾನವನ್ನು ಪ್ರವಾಸ ಬರಹಕ್ಕೆ ವ್ಯಾಪಕವಾಗಿ ಅಳವಡಿಸಿದ ಮೊದಲ ಯೋಜನೆಗಳಲ್ಲಿ ವಿಕಿಟ್ರಾವೆಲ್ ಒಂದು. ಇವಾನ್ ಪ್ರೊಡ್ರೊಮೂ ಮತ್ತು ಮಿಶೆಲ್ ಆನ್ ಜೆಂಕಿನ್ಸ್ ಅದನ್ನು 2003ರ ಜುಲೈನಲ್ಲಿ ಆರಂಭಿಸಿದರು. ಅದರ ಬರಹಗಳೆಲ್ಲ ಕ್ರಿಯೇಟಿವ್ ಕಾಮನ್ಸ್‌ನ ಆಟ್ರಿಬ್ಯೂಶನ್–ಶೇರ್‌ಅಲೈಕ್ ಪರವಾನಗಿಯಡಿ ಪ್ರಕಟವಾಗುತ್ತಿದ್ದವು. ಮೂಲ ಲೇಖಕರನ್ನು ಹೆಸರಿಸಿ, ಇದೇ ಷರತ್ತಿನಲ್ಲಿ ಮರುಹಂಚಿಕೆ ಮಾಡುವುದಾದರೆ ಯಾರು ಬೇಕಾದರೂ ಬರಹವನ್ನು ನಕಲಿಸಿ, ಮಾರ್ಪಡಿಸಿ ಬಳಸಬಹುದು ಎಂಬುದು ಈ ಪರವಾನಗಿಯ ಸಾರ. ಆರಂಭದಲ್ಲಿ ಬರಿಯ ಔಪಚಾರಿಕ ಸಾಲಿನಂತೆ ಕಂಡ ಈ ಷರತ್ತೇ ಮುಂದೆ ನಿರ್ಣಾಯಕವಾಯಿತು.

2006ರ ಏಪ್ರಿಲ್‌ನಲ್ಲಿ ಅಮೆರಿಕದ ಇಂಟರ್ನೆಟ್ ಬ್ರಾಂಡ್ಸ್ ಕಂಪನಿ ವಿಕಿಟ್ರಾವೆಲ್ಲನ್ನು ಕೊಂಡುಕೊಂಡಿತು. ಕಂಪನಿಗೆ ದಕ್ಕಿದ್ದು ತಾಣದ ಹೆಸರು, ವಿಳಾಸ ಮತ್ತು ಸರ್ವರ್‌ಗಳ ಒಡೆತನ. ಬರಹಗಳ ಹಕ್ಕು ಬರೆದವರಲ್ಲಿಯೇ ಉಳಿದಿತ್ತು. ಮಾರಾಟವನ್ನು ಒಪ್ಪದ ಜರ್ಮನ್ ಭಾಷೆಯ ಬರಹಗಾರರು ಪಠ್ಯವನ್ನು ಪರವಾನಗಿಯ ಪ್ರಕಾರವೇ ನಕಲಿಸಿಕೊಂಡು ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಕಿವಾಯೇಜ್ ಎಂಬ ಪ್ರತ್ಯೇಕ ತಾಣವನ್ನು ತೆರೆದರು. 2007ರಲ್ಲಿ ಇಟಾಲಿಯನ್ ಬರಹಗಾರರು ಅವರನ್ನು ಕೂಡಿಕೊಂಡರು. ಇಂಗ್ಲಿಷ್ ಆವೃತ್ತಿಯವರು ಇನ್ನೂ ಐದು ವರ್ಷ ಹಳೆಯ ತಾಣದಲ್ಲೇ ಮುಂದುವರಿದರು. ಹೆಚ್ಚುತ್ತಿದ್ದ ಜಾಹೀರಾತು ಮತ್ತು ಕುಂಟುತ್ತಿದ್ದ ತಾಂತ್ರಿಕ ನಿರ್ವಹಣೆಯಿಂದ ಬೇಸತ್ತ ಅವರು 2012ರಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನಿನ ಆಸರೆ ಬಯಸಿದರು.

ಅದೇ ವರ್ಷ ಇಂಟರ್ನೆಟ್ ಬ್ರಾಂಡ್ಸ್ ಈ ವಲಸೆಯಲ್ಲಿ ಮುಂದಾಳುಗಳಾಗಿದ್ದ ಇಬ್ಬರು ಸ್ವಯಂಸೇವಕರ ಮೇಲೆ ದಾವೆ ಹೂಡಿತು. ಪರವಾನಗಿ ಮುಕ್ತವಾಗಿದ್ದುದರಿಂದ ಪಠ್ಯದ ನಕಲನ್ನು ಪ್ರಶ್ನಿಸಲು ಆಸ್ಪದವಿರಲಿಲ್ಲ. ಆರೋಪಗಳು ವ್ಯಾಪಾರಮುದ್ರೆಯ ಉಲ್ಲಂಘನೆ, ಅನುಚಿತ ಸ್ಪರ್ಧೆ ಮುಂತಾದವುಗಳ ಸುತ್ತ ಇದ್ದವು. ಬಿಡುವಿನ ವೇಳೆಯಲ್ಲಿ ಹೋಟೆಲು, ಬಸ್‌ ನಿಲ್ದಾಣಗಳ ವಿವರ ಬರೆದವರು ವಕೀಲರನ್ನು ಹುಡುಕಬೇಕಾಗಿ ಬಂದದ್ದು ಅಂತರಜಾಲದ ಇತಿಹಾಸದಲ್ಲಿ ವಿರಳ ಪ್ರಸಂಗ. ವಿಕಿಮೀಡಿಯ ಫೌಂಡೇಶನ್ ಪ್ರತಿಯಾಗಿ ನ್ಯಾಯಾಲಯದ ಮೊರೆಹೊಕ್ಕಿತು. ವಿಕಿವಾಯೇಜ್ 2013ರ ಜನವರಿ 15ರಂದು ವಿಕಿಮೀಡಿಯ ಯೋಜನೆಯಾಗಿ ಅಧಿಕೃತವಾಗಿ ಲೋಕಾರ್ಪಣೆಗೊಂಡಿತು. ಮರು ತಿಂಗಳು ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಬಹುಪಾಲು ಬರಹಗಾರರು ಹೊರನಡೆದ ಮೇಲೂ ವಿಕಿಟ್ರಾವೆಲ್ ತಾಣ ಉಳಿದುಕೊಂಡಿತು. ಹೀಗಾಗಿ ಒಂದೇ ಮೂಲದ ಎರಡು ಮಾರ್ಗದರ್ಶಿಗಳು ಏಕಕಾಲದಲ್ಲಿ ಓದುಗರಿಗೆ ಸಿಗುವಂತಾದವು. ಅವುಗಳಲ್ಲಿ ಯಾವುದು ಇತ್ತೀಚಿನದೆಂದು ತಿಳಿಯಲು ಪುಟದ ಇತಿಹಾಸದಲ್ಲಿ ಕೊನೆಯ ತಿದ್ದುಪಡಿಯ ದಿನಾಂಕವನ್ನು ನೋಡಬೇಕು.

ಹಿಚ್‌ಹೈಕರ್‌ಗಳ ಮಾರ್ಗದರ್ಶಿ

ಲಿಫ್ಟ್ ಪಡೆದು ಸಾಗುವವರಿಗೆ ಬೇಕಾದ ಮಾಹಿತಿ ಬೇರೆಯದೇ. ಊರಿನ ವಸ್ತುಸಂಗ್ರಹಾಲಯಕ್ಕಿಂತ ಊರಿನಿಂದ ಹೊರಬೀಳುವ ದಾರಿ ಅವರಿಗೆ ಮುಖ್ಯ: ಯಾವ ನಗರ ಸಾರಿಗೆ ಬಸ್ಸು ಹೆದ್ದಾರಿಯ ಅಂಚಿಗೆ ಮುಟ್ಟಿಸುತ್ತದೆ, ವಾಹನಗಳು ವೇಗ ಕಡಿಮೆ ಮಾಡುವ ತಿರುವು ಎಲ್ಲಿದೆ, ನಿಲ್ಲಿಸಲು ಪಕ್ಕದಲ್ಲಿ ಜಾಗವಿದೆಯೇ, ರಾತ್ರಿ ಬೆಳಕಿದೆಯೇ. 2005ರಲ್ಲಿ ಆರಂಭವಾದ ಹಿಚ್‌ವಿಕಿ ಇದನ್ನೇ ದೇಶ ಮತ್ತು ನಗರವಾರು ದಾಖಲಿಸುತ್ತ ಹಲವು ಭಾಷೆಗಳಿಗೆ ಹಬ್ಬಿತು. ಅದರ ಜೊತೆಗೆ ರೂಪುಗೊಂಡ ಭೂಪಟದಲ್ಲಿ ಬಳಕೆದಾರರು ತಾವು ನಿಂತ ಜಾಗವನ್ನು ಗುರುತಿಸಿ, ಅದರ ಗುಣಮಟ್ಟಕ್ಕೆ ಶ್ರೇಯಾಂಕವನ್ನೂ ಕಾದ ಅವಧಿಯನ್ನೂ ದಾಖಲಿಸುತ್ತಾರೆ. ಒಬ್ಬನ ಅನುಭವ ಆಕಸ್ಮಿಕವಿರಬಹುದು. ಒಂದೇ ಪೆಟ್ರೋಲ್ ಬಂಕಿನ ಬಗ್ಗೆ ಹತ್ತು ಜನ ಬರೆದಾಗ ಅದು ನಂಬಬಹುದಾದ ಸೂಚನೆಯಾಗುತ್ತದೆ.

ಕಾನೂನು ಮತ್ತು ರೂಢಿಗಳು ದೇಶದಿಂದ ದೇಶಕ್ಕೆ ಬದಲಾಗುವುದು ಇಂಥ ಮಾರ್ಗದರ್ಶಿಯ ಇನ್ನೊಂದು ದೊಡ್ಡ ವಿಷಯ. ಜರ್ಮನಿಯಲ್ಲಿ ಆಟೊಬಾನ್ ಹೆದ್ದಾರಿಯ ಮೇಲೆ ಕಾಲ್ನಡಿಗೆಯವರು ನಿಲ್ಲುವಂತಿಲ್ಲ, ಅದರ ಬದಿಯ ವಿಶ್ರಾಂತಿ ತಾಣಗಳಲ್ಲಿ ಮಾತ್ರ ಲಿಫ್ಟ್ ಕೇಳಬಹುದು. ಅಲ್ಲಿನ ವಾಹನ ಸಂಖ್ಯೆಯ ಮೊದಲ ಅಕ್ಷರಗಳು ವಾಹನ ಎಲ್ಲಿಯದೆಂದು ತಿಳಿಸುವುದರಿಂದ ಅನುಭವಸ್ಥರು ಫಲಕ ನೋಡಿಯೇ ಚಾಲಕರನ್ನು ಮಾತನಾಡಿಸುತ್ತಾರೆ. ನೆದರ್ಲೆಂಡ್ಸ್‌ನ ಕೆಲವು ನಗರಗಳಲ್ಲಿ ಲಿಫ್ಟ್ ಕೇಳಲೆಂದೇ ಫಲಕ ಹಾಕಿದ ಅಧಿಕೃತ ಜಾಗಗಳಿವೆ. ಕ್ಯೂಬಾದಲ್ಲಿ ಇಂಧನದ ಕೊರತೆಯ ಕಾಲದಲ್ಲಿ ಹಳದಿ ಸಮವಸ್ತ್ರದ ಸರ್ಕಾರಿ ಸಿಬ್ಬಂದಿಯೇ ಸರ್ಕಾರಿ ವಾಹನಗಳನ್ನು ತಡೆದು ಜನರನ್ನು ಹತ್ತಿಸುವ ಪದ್ಧತಿ ಬೆಳೆಯಿತು. ಸಮಾಜವಾದಿ ಪೋಲೆಂಡ್ 1950ರ ದಶಕದ ಕೊನೆಯಲ್ಲಿ ಹಿಚ್‌ಹೈಕರ್‌ಗಳಿಗೆ ಕೂಪನ್ ಪುಸ್ತಕಗಳನ್ನು ನೀಡಲಾರಂಭಿಸಿತ್ತು. ಪ್ರಯಾಣಿಕನು ಕ್ರಮಿಸಿದ ದೂರಕ್ಕೆ ತಕ್ಕ ಕೂಪನ್ನನ್ನು ಚಾಲಕನಿಗೆ ಕೊಡುತ್ತಿದ್ದ, ಹೆಚ್ಚು ಕೂಪನ್ ಕೂಡಿಸಿದ ಚಾಲಕರಿಗೆ ಬಹುಮಾನಗಳಿದ್ದವು. ಅಪರಿಚಿತರ ನಡುವಿನ ನಂಬಿಕೆಗೆ ದಾಖಲೆಯ ರೂಪ ಕೊಡುವ ಯತ್ನ ಅಂತರಜಾಲದೊಂದಿಗೆ ಹುಟ್ಟಿದ್ದಲ್ಲ.

ಬರವಣಿಗೆಯ ಕ್ರಮ

ಪ್ರವಾಸ ಮಾರ್ಗದರ್ಶಿಯ ನಿಯಮಗಳು ವಿಶ್ವಕೋಶದ ನಿಯಮಗಳಿಗಿಂತ ಭಿನ್ನ. ವಿಕಿಪೀಡಿಯದಲ್ಲಿ ಪ್ರತಿ ಹೇಳಿಕೆಗೂ ಪ್ರಕಟಿತ ಆಧಾರ ಬೇಕು. ವಿಕಿವಾಯೇಜ್‌ನಲ್ಲಿ ಬರಹಗಾರ ತಾನೇ ಕಂಡದ್ದನ್ನು ಬರೆಯಬಹುದು. ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ ಎಂಬುದಕ್ಕೆ ಪ್ರಯಾಣಿಕನಿಗಿಂತ ದೊಡ್ಡ ಸಾಕ್ಷಿಯಿಲ್ಲ. ಪ್ರತಿ ಊರಿನ ಪುಟವೂ ತಲುಪುವ ದಾರಿ, ಓಡಾಟ, ನೋಡುವ ಜಾಗ, ಊಟ, ತಂಗುವಿಕೆ, ಸುರಕ್ಷತೆ, ಮುಂದಿನ ಊರು ಎಂಬ ನಿಗದಿತ ಕ್ರಮದಲ್ಲಿರುತ್ತದೆ. ವಸತಿಯನ್ನು ಅಗ್ಗದ್ದು, ಮಧ್ಯಮ, ದುಬಾರಿ ಎಂದು ವಿಂಗಡಿಸಲಾಗುತ್ತದೆ.

ಈ ಸ್ವಾತಂತ್ರ್ಯದ ಬೆನ್ನಿಗೇ ಅಪಾಯವೂ ಇದೆ. ಲಾಡ್ಜಿನ ಮಾಲೀಕರು ಸಂತೃಪ್ತ ಅತಿಥಿಯ ಸೋಗಿನಲ್ಲಿ ಹೊಗಳಿಕೆ ಸೇರಿಸುವುದು, ಪ್ರತಿಸ್ಪರ್ಧಿಯ ವಿವರ ಅಳಿಸುವುದು ಎಲ್ಲ ತೆರೆದ ಮಾರ್ಗದರ್ಶಿಗಳ ನಿತ್ಯದ ತಲೆನೋವು. ಆದ್ದರಿಂದ ಉತ್ಪ್ರೇಕ್ಷೆಯ ವಿಶೇಷಣಗಳನ್ನು ಕಿತ್ತು, ದರ, ದೂರ, ವೇಳೆ ಮುಂತಾದ ಪರಿಶೀಲಿಸಬಹುದಾದ ಸಂಗತಿಗಳನ್ನಷ್ಟೇ ಉಳಿಸುವುದು ಸಂಪಾದಕರ ಮುಖ್ಯ ಕೆಲಸ. ಪ್ರಯಾಣದಲ್ಲಿ ಸಂಪರ್ಕಜಾಲ ಸಿಗದಿರುವುದೇ ಹೆಚ್ಚಾದ್ದರಿಂದ ಪುಟಗಳನ್ನು ಮೊದಲೇ ಇಳಿಸಿಕೊಳ್ಳುವ ಸೌಲಭ್ಯವೂ ಮುಖ್ಯ. ಕಿವಿಕ್ಸ್ ತಂತ್ರಾಂಶದ ಮೂಲಕ ವಿಕಿವಾಯೇಜ್ ಅನ್ನೂ, 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಭೂಪಟಗಳನ್ನು ಬಳಸುವ ಆ್ಯಪ್‌ಗಳನ್ನೂ ಜಾಲವಿಲ್ಲದೆ ಬಳಸಬಹುದು. ಮುಕ್ತ ಪರವಾನಗಿ ಇಲ್ಲದಿದ್ದರೆ ಇಂಥ ಮರುಬಳಕೆ ಸಾಧ್ಯವಾಗುತ್ತಿರಲಿಲ್ಲ.

ಆತಿಥ್ಯ ಜಾಲಗಳು

ಅಪರಿಚಿತರ ಮನೆಯಲ್ಲಿ ಬಾಡಿಗೆಯಿಲ್ಲದೆ ತಂಗುವ ಏರ್ಪಾಡುಗಳು ಈ ಮಾರ್ಗದರ್ಶಿಗಳ ನೆರೆಯವು. 2004ರಲ್ಲಿ ಲಾಭರಹಿತ ಸಂಸ್ಥೆಯಾಗಿ ತೆರೆದುಕೊಂಡ ಕೌಚ್‌ಸರ್ಫಿಂಗ್ 2011ರಲ್ಲಿ ಲಾಭೋದ್ದೇಶದ ಕಂಪನಿಯಾಯಿತು. ಸ್ವಯಂಸೇವಕರು ಕಟ್ಟಿದ್ದು ಹೂಡಿಕೆದಾರರ ಪಾಲಾಯಿತೆಂಬ ಅಸಮಾಧಾನ ಅಂದಿನಿಂದಲೂ ಕೇಳಿಬರುತ್ತಿದೆ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಅದು ಹಲವು ದೇಶಗಳ ಸದಸ್ಯರಿಗೆ ಶುಲ್ಕ ವಿಧಿಸಿತು. ಹಣ ಕಟ್ಟದವರಿಗೆ ತಮ್ಮದೇ ಪರಿಚಯಪುಟವಾಗಲಿ, ವರ್ಷಗಟ್ಟಲೆ ಗಳಿಸಿದ ಶಿಫಾರಸುಗಳಾಗಲಿ ಸಿಗದಾದವು. ವಿಕಿಟ್ರಾವೆಲ್‌ನ ಬರಹಗಾರರಂತೆ ಇವರಿಗೆ ತಮ್ಮ ಬರಹವನ್ನು ಒಟ್ಟಾಗಿ ಎತ್ತಿಕೊಂಡು ಹೋಗುವ ಹಕ್ಕಿರಲಿಲ್ಲ. ಸ್ವಯಂಸೇವಕರೇ ನಡೆಸುವ ಬಿವೆಲ್ಕಮ್ (2007) ಮತ್ತು ಹಿಚ್‌ಹೈಕರ್‌ಗಳ ಬಳಗದಿಂದ ಮೂಡಿದ ಟ್ರಸ್ಟ್‌ರೂಟ್ಸ್ (2014) ಲಾಭರಹಿತ ಪರ್ಯಾಯಗಳಾಗಿವೆ.

ಸುರಕ್ಷತೆ ಮತ್ತು ಟೀಕೆ

ಭೂಪಟದಲ್ಲಿ ಒಳ್ಳೆಯ ಶ್ರೇಯಾಂಕ ಪಡೆದ ಜಾಗವು ನಿಲ್ಲಿಸುವ ಪ್ರತಿ ವಾಹನಕ್ಕೂ ಹೊಣೆಯಾಗದು. ಒಬ್ಬಂಟಿ ಗಂಡಸು ಬರೆದ ‘ಸುರಕ್ಷಿತ’ ಎಂಬ ಮಾತು ಒಬ್ಬಂಟಿ ಹೆಂಗಸಿಗೆ ಅನ್ವಯಿಸದೆ ಹೋಗಬಹುದು. ಬರಹಗಾರರು ಯಾರು, ಎಂಥ ಸನ್ನಿವೇಶದಲ್ಲಿ ಪ್ರಯಾಣಿಸಿದರು ಎಂಬುದು ತಿಳಿಯದಿದ್ದರೆ ಇಂಥ ಮಾಹಿತಿ ದಾರಿ ತಪ್ಪಿಸುತ್ತದೆ. ಕೆಟ್ಟ ಅನುಭವಕ್ಕೆ ಒಳಗಾದವರಲ್ಲಿ ಅನೇಕರು ಬರೆಯದೆ ಸುಮ್ಮನಾಗುತ್ತಾರೆ ಎಂಬುದೂ ಗಮನಾರ್ಹ. ಉಚಿತವಾಗಿ ಡೇರೆ ಹಾಕಬಹುದಾದ ಜಾಗಗಳನ್ನು ನಿಖರವಾಗಿ ಗುರುತಿಸಿದರೆ ಜನಸಂದಣಿ ಹೆಚ್ಚಿ, ಕಸ ಬಿದ್ದು, ಕೊನೆಗೆ ಆ ಜಾಗವೇ ಮುಚ್ಚಿಹೋಗುವ ಸಂಭವವಿದೆ ಎಂಬ ಟೀಕೆಯೂ ಇದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಹೆಬ್ಬೆರಳು ಚಾಚುವ ಪಾಶ್ಚಾತ್ಯ ಸನ್ನೆಗಿಂತ ಕೈ ಅಡ್ಡ ಹಿಡಿದು ವಾಹನ ನಿಲ್ಲಿಸುವುದೇ ರೂಢಿ. ಕರ್ನಾಟಕದಲ್ಲಿ ಇದಕ್ಕೆ ‘ಡ್ರಾಪ್ ಕೇಳುವುದು’ ಎಂಬ ಮಾತೂ ಬಳಕೆಯಲ್ಲಿದೆ. ಲಾರಿ, ಟೆಂಪೊಗಳಲ್ಲಿ ಹತ್ತಿಸಿಕೊಂಡವರಿಂದ ಬಸ್ ದರದಷ್ಟು ಅಥವಾ ಅದಕ್ಕಿಂತ ಕಡಿಮೆ ಹಣ ನಿರೀಕ್ಷಿಸುವುದುಂಟು. ವಿದೇಶಿ ಹಿಚ್‌ಹೈಕರ್‌ಗಳಿಗೆ ಇದು ಹಲವೊಮ್ಮೆ ಮುಜುಗರದ ಸಂಗತಿ. ಸರಕು ಸಾಗಣೆಯ ವಾಹನದಲ್ಲಿ ಹೀಗೆ ಪ್ರಯಾಣಿಸುವವರು ಅಪಘಾತದ ಸಂದರ್ಭದಲ್ಲಿ ಕಡ್ಡಾಯ ವಿಮೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿರುವುದು ಈ ಅಭ್ಯಾಸದ ಗಂಭೀರ ಮುಖ.

ಮಾಹಿತಿ ಹಳತಾಗುವ ಬಗೆಗೆ ಹಂಪಿ ಒಳ್ಳೆಯ ನಿದರ್ಶನ. ಬಜಾರಿನ ಎದುರು ತುಂಗಭದ್ರೆಯ ಆಚೆಗಿರುವ ವಿರೂಪಾಪುರ ಗಡ್ಡೆ ಅಗ್ಗದ ವಸತಿಗಾಗಿ ಬೆನ್ನುಚೀಲದ ಪ್ರವಾಸಿಗಳಲ್ಲಿ ಹೆಸರಾಗಿತ್ತು. ಅಲ್ಲಿನ ಅನಧಿಕೃತ ಕಟ್ಟಡಗಳ ತೆರವನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಅವನ್ನು ನೆಲಸಮಗೊಳಿಸಲಾಯಿತು. ಅದಕ್ಕೆ ಮುಂಚಿನ ಮುದ್ರಿತ ಕೈಪಿಡಿ ಹಿಡಿದು ಹೊಳೆ ದಾಟಿದವರಿಗೆ ಆ ವಸತಿಗಳು ಸಿಗಲಾರವು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ, ಆದರೆ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಧರ್ಮಸ್ಥಳ, ಹೊರನಾಡು ಮುಂತಾದೆಡೆ ಬಂದವರಿಗೆಲ್ಲ ನಡೆಯುವ ಅನ್ನದಾಸೋಹದ ವೇಳೆ ಮತ್ತು ರೀತಿಗಳೂ ಸ್ಥಳೀಯರು ಚೆನ್ನಾಗಿ ಬಲ್ಲ ವಿವರಗಳೇ.

ಹಂಪಿ, ಗೋಕರ್ಣ ಮೊದಲಾದ ಊರುಗಳ ಪುಟಗಳು ಇಂಗ್ಲಿಷ್ ವಿಕಿವಾಯೇಜ್‌ನಲ್ಲಿವೆ. ಭಾರತೀಯ ಭಾಷೆಗಳ ಪೈಕಿ ಹಿಂದಿ ಮತ್ತು ಬಂಗಾಳಿಗೆ ಸ್ವತಂತ್ರ ಆವೃತ್ತಿಗಳಿವೆ. ಕನ್ನಡಕ್ಕೆ ಇನ್ನೂ ಇಲ್ಲ. ಹೊಸ ಭಾಷೆಯ ಆವೃತ್ತಿ ಮೊದಲು ವಿಕಿಮೀಡಿಯ ಇನ್‌ಕ್ಯುಬೇಟರ್ ಎಂಬ ಪ್ರಾಯೋಗಿಕ ತಾಣದಲ್ಲಿ ರೂಪುಗೊಳ್ಳಬೇಕು. ಅಲ್ಲಿ ಕೆಲವು ಬರಹಗಾರರು ತಿಂಗಳುಗಳ ಕಾಲ ಎಡೆಬಿಡದೆ ಪುಟಗಳನ್ನು ಬೆಳೆಸಿದ ಬಳಿಕ, ಭಾಷಾ ಸಮಿತಿಯ ಒಪ್ಪಿಗೆಯೊಂದಿಗೆ ಅದಕ್ಕೆ ಪ್ರತ್ಯೇಕ ವಿಳಾಸ ದೊರೆಯುತ್ತದೆ.