ಬಿಡಿಭಾಗಗಳ ಪಟ್ಟಿ ಮತ್ತು ಗ್ರಾಹಕ ನಿಷ್ಠೆ: ಟೆಕ್‌ಟ್ರಾನಿಕ್ಸ್ ಸಂಸ್ಥೆಯ ಚರಿತ್ರೆಯಿಂದ ಒಂದು ನಿದರ್ಶನ

ಕೈಗಾರಿಕೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಹೊಸ ಶೋಧಗಳಿಗೂ ಮಾರಾಟದ ಅಂಕಿಗಳಿಗೂ ಪ್ರಾಧಾನ್ಯ ಕೊಡುವರು. ತಯಾರಿಕೆ ನಿಂತುಹೋದ ಉಪಕರಣದ ವಿಷಯದಲ್ಲಿ ಅದನ್ನು ತಯಾರಿಸಿದ ಸಂಸ್ಥೆ ಹೇಗೆ ನಡೆದುಕೊಂಡಿತೆಂಬುದು ಅವರ ಗಮನಕ್ಕೆ ಬರುವುದು ಅಪೂರ್ವ. ಆದರೆ ಗ್ರಾಹಕ ನಿಷ್ಠೆಯ ಮೂಲವನ್ನು ಅರಸುವವರು ನೋಡಬೇಕಾದುದು ಈ ಎರಡನೆಯದನ್ನೇ ಎಂದು ನಾವು ಭಾವಿಸುತ್ತೇವೆ. ಅಮೆರಿಕದ ಟೆಕ್‌ಟ್ರಾನಿಕ್ಸ್ ಸಂಸ್ಥೆಯ ಚರಿತ್ರೆ ಇದಕ್ಕೆ ತಕ್ಕ ನಿದರ್ಶನವಾಗಿದೆ.

ಹೋವರ್ಡ್ ವೋಲಮ್, ಜ್ಯಾಕ್ ಮರ್ಡಾಕ್ ಮೊದಲಾದವರು 1946ರಲ್ಲಿ ಆರೆಗನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷ ಇವರ ಮೊದಲನೆಯ ಆಸಿಲೋಸ್ಕೋಪು, 511 ಎಂಬ ಮಾದರಿ, ಹೊರಬಂದಿತು. ವಿದ್ಯುತ್ ತರಂಗದ ಆಕಾರವನ್ನು ಪರದೆಯ ಮೇಲೆ ತೋರಿಸುವ ಆ ಉಪಕರಣದ ಬೆಲೆ 795 ಡಾಲರು. ಇಷ್ಟು ಹಣ ತೆತ್ತು ಕೊಂಡುದನ್ನು ಯಾವ ಪ್ರಯೋಗಾಲಯವೂ ನಾಲ್ಕಾರು ವರ್ಷಗಳಲ್ಲಿ ಮೂಲೆಗೆ ಹಾಕಲಾರದಷ್ಟೆ. 1954ರಲ್ಲಿ ಬಂದ 530ರ ಶ್ರೇಣಿಯಲ್ಲಿ ಮುಂಭಾಗದ ಒಂದು ಘಟಕವನ್ನು ಕಳಚಿ ಬೇರೊಂದನ್ನು ತೊಡಿಸಬಹುದಾಗಿತ್ತು. ಹೊಸ ಅವಶ್ಯಕತೆ ಬಂದಾಗ ಹೊಸ ಘಟಕ ಸಾಕು. ಇಡೀ ಉಪಕರಣವನ್ನು ಬದಲಿಸಬೇಕಾಗಿರಲಿಲ್ಲ.

ಇವುಗಳೊಡನೆ ಬರುತ್ತಿದ್ದ ಕೈಪಿಡಿಯೇ ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ಆಧಾರ. ಅದರಲ್ಲಿ ಮಂಡಲದ ಸಂಪೂರ್ಣ ನಕ್ಷೆ, ಅದು ಕೆಲಸಮಾಡುವ ಬಗೆಯ ವಿವರಣೆ, ಸರಿಹೊಂದಿಸುವ ಕ್ರಮ, ಪ್ರತಿಯೊಂದು ಬಿಡಿಭಾಗದ ಪಟ್ಟಿ ಇವೆಲ್ಲವೂ ಇದ್ದುವು. ಪಟ್ಟಿಯಲ್ಲಿ ಉಪಕರಣದ ಕ್ರಮಸಂಖ್ಯೆಗೂ ಸ್ಥಾನವುಂಟು. ಕ್ರಮಸಂಖ್ಯೆಯ ಮೊದಲಲ್ಲಿ ‘ಎಕ್ಸ್’ ಎಂಬ ಅಕ್ಷರವಿದ್ದರೆ ಆ ಭಾಗ ಅಲ್ಲಿಂದ ಮೊದಲುಗೊಂಡು ಸೇರಿದುದೆಂದೂ, ಕೊನೆಯಲ್ಲಿದ್ದರೆ ಅಲ್ಲಿಂದಾಚೆಗೆ ತೆಗೆದುಹಾಕಿದುದೆಂದೂ ಅರ್ಥ. ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸುವ ಸಂಪಾದಕನ ಶ್ರದ್ಧೆಯೇ ಇಲ್ಲಿಯೂ ಕಾಣುತ್ತದೆ. ಬಿಡಿಭಾಗ ಬೇಕಾದವನು ಮಾದರಿಯನ್ನೂ ಕ್ರಮಸಂಖ್ಯೆಯನ್ನೂ ತಿಳಿಸಬೇಕೆಂದೂ, ಆ ಭಾಗಕ್ಕೆ ಬದಲಾಗಿ ಉತ್ತಮವಾದುದು ಬಂದಿದ್ದರೆ ಸಂಸ್ಥೆಯ ಪ್ರತಿನಿಧಿಯೇ ಅವನಿಗೆ ತಿಳಿಸುವನೆಂದೂ ಸೂಚನೆ ಇರುತ್ತಿದ್ದಿತು. ಭಾಗಗಳನ್ನು ಬೆಸೆಯುವ ಪಿಂಗಾಣಿಯ ಪಟ್ಟಿಗಳಿಗೆ ಬೆಳ್ಳಿ ಬೆರೆತ ಬೆಸುಗೆಯೇ ಬೇಕು. ಸಾಮಾನ್ಯ ಬೆಸುಗೆ ಪಿಂಗಾಣಿಗೆ ಅಂಟಿಸಿದ ಬೆಳ್ಳಿಯನ್ನೇ ಕರಗಿಸಿಕೊಂಡುಬಿಡುತ್ತದೆ. ಆದುದರಿಂದ ಆ ವಿಶೇಷ ಬೆಸುಗೆಯ ಒಂದು ಸಣ್ಣ ಸುರುಳಿಯನ್ನು ಉಪಕರಣದ ಒಳಗೇ ಇಟ್ಟು ಕಳುಹಿಸುತ್ತಿದ್ದರು! ಇನ್ನೂ ಕೆಡದಿರುವ ವಸ್ತುವಿನ ದುರಸ್ತಿಯನ್ನು ಮಾರಾಟದ ದಿನವೇ ಯೋಚಿಸಿದ್ದುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಗ್ರಾಹಕರ ನಿಷ್ಠೆಗೆ ಉಪಕರಣದ ಗುಣವೊಂದೇ ಕಾರಣವೆಂದು ಕೆಲವರು ವಾದಿಸಬಹುದು. ಗುಣ ಕೊಳ್ಳುವಂತೆ ಮಾಡೀತು. ಕೆಟ್ಟುಹೋದುದನ್ನು ಎಸೆಯದೆ ಉಳಿಸಿಕೊಳ್ಳುವಂತೆ ಮಾಡಿದುದು ಕೈಪಿಡಿಯೇ ಎಂಬುದು ನಮ್ಮ ಅಭಿಪ್ರಾಯ.

ಅದೇ ಪಟ್ಟಿಯಲ್ಲಿ ಇನ್ನೊಂದು ಗುರುತೂ ಉಂಟು. ನಕ್ಷತ್ರ ಚಿಹ್ನೆಯುಳ್ಳ ಭಾಗಗಳು ಸಂಸ್ಥೆಯೇ ತಯಾರಿಸಿದವು, ತನಗಾಗಿ ತಯಾರಿಸಿಕೊಂಡವು, ಇಲ್ಲವೆ ಪರೀಕ್ಷಿಸಿ ಆಯ್ದವು. 1950ರ ದಶಕದ ಮಾದರಿಗಳಲ್ಲಿ ವಾಲ್ವುಗಳೂ ರೋಧಕಗಳೂ ಬಹುಮಟ್ಟಿಗೆ ಪೇಟೆಯಲ್ಲಿ ದೊರೆಯುವಂಥವು. ಕಾಲಕ್ರಮದಲ್ಲಿ ಸಂಸ್ಥೆ ತನ್ನವೇ ಆದ ಸಂಯುಕ್ತ ಮಂಡಲಗಳನ್ನು ತಯಾರಿಸತೊಡಗಿತು. ಅವುಗಳಿಂದ ಉಪಕರಣದ ವೇಗ ಹೆಚ್ಚಿತು, ಗಾತ್ರ ಕುಗ್ಗಿತು. ಆದರೆ ಅವನ್ನು ಬೇರೆಯವರಿಂದ ಪಡೆಯುವಂತಿರಲಿಲ್ಲ. 1994ರಲ್ಲಿ ಆ ವಿಭಾಗ ಮ್ಯಾಕ್ಸಿಮ್ ಸಂಸ್ಥೆಗೆ ಮಾರಾಟವಾಯಿತು. 1980ರ ದಶಕದ 2465 ಮಾದರಿಯಲ್ಲಿ ಕಿರಣವನ್ನು ಅಡ್ಡಲಾಗಿ ಓಡಿಸುವ ಯು800 ಎಂಬ ಮಂಡಲ ಕೆಟ್ಟರೆ, ಇಂದು ಅದನ್ನು ಇನ್ನೊಂದು ಸತ್ತ ಉಪಕರಣದಿಂದ ಕಿತ್ತು ತರಬೇಕಾಗುತ್ತದೆ. ಮೂವತ್ತು ವರ್ಷ ಹಿರಿಯದಾದ ವಾಲ್ವಿನ ಉಪಕರಣ ದುರಸ್ತಿಯಾಗುತ್ತದೆ, ಕಿರಿಯದು ಆಗುವುದಿಲ್ಲ! ನಿಷ್ಠೆಯನ್ನು ಬೆಳೆಸಿದ ಸಂಸ್ಥೆಯೇ ಅದಕ್ಕೆ ಒಡ್ಡಿದ ಕಠಿನವಾದ ಪರೀಕ್ಷೆ ಇದು.

ಆದರೂ ನಿಷ್ಠೆ ಅಳಿಯಲಿಲ್ಲ. ಸಂಸ್ಥೆಯಿಂದ ಉಪಕರಣಗಳ ಕಡೆಗೆ ಅದು ವಾಲಿತೆನ್ನಬಹುದು. ತಾನು ಬೆಂಬಲಿಸದಿರುವ ಹಳೆಯ ಮಾದರಿಗಳ ಕೈಪಿಡಿಗಳನ್ನು ಯಾರಾದರೂ ನಕಲುಮಾಡಿ ಹಂಚಬಹುದೆಂದು ಟೆಕ್‌ಟ್ರಾನಿಕ್ಸ್ ಅನುಮತಿ ಕೊಟ್ಟಿತು. ಇದಕ್ಕೆ ಸಂಸ್ಥೆಗೆ ತಗುಲಿದ ವೆಚ್ಚ ಅತ್ಯಲ್ಪ, ಬಳಕೆದಾರರಿಗಾದ ಉಪಕಾರ ಬಹಳ. 2007ರಲ್ಲಿ ಸಂಸ್ಥೆ ಡ್ಯಾನಹರ್ ಸಮೂಹದ ವಶವಾಯಿತು. 2011ರಲ್ಲಿ ಅದರ ಹಿಂದಿನ ನೌಕರರೂ ಅಭಿಮಾನಿಗಳೂ ಕೂಡಿ ವಿಂಟೇಜ್‌ಟೆಕ್ ಎಂಬ ವಸ್ತುಸಂಗ್ರಹಾಲಯವನ್ನು ತೆರೆದರು. ಅಲ್ಲಿ ಹಳೆಯ ಆಸಿಲೋಸ್ಕೋಪುಗಳನ್ನು ದುರಸ್ತಿಮಾಡಿ, ಪರದೆ ಬೆಳಗುವ ಸ್ಥಿತಿಯಲ್ಲಿಯೇ ಪ್ರದರ್ಶಿಸುತ್ತಾರೆ.